ಮುಚ್ಚಳದ ಮೇಲಿನ ನಂಬರು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಬೇರೆ ರಾಗದಲ್ಲಿ. ಮನೆಮನೆಗೆ ಇಂಟರ್ನೆಟ್ ಕೊಡುವ ಆ ಸಣ್ಣ ಕಂಪನಿಯಲ್ಲಿ ಅವಳ ಕೆಲಸ ಒಂದೇ: ಕೂದಲಿನಷ್ಟು ತೆಳುವಾದ ಒಂದು ಗಾಜಿನ ಎಳೆಗೆ ಎಷ್ಟು ಮನೆ ಕಟ್ಟಬಹುದು ಎಂದು ಹೇಳುವುದು. ಹನ್ನೊಂದು ವರ್ಷದಿಂದ ಹೇಳುತ್ತಿದ್ದಳು. ಕೇಳಿದವರಿಗೆ ಖುಷಿಯಾಗುವಂಥ ಉತ್ತರವನ್ನು ಒಮ್ಮೆಯೂ ಹೇಳಿರಲಿಲ್ಲ.

ಕಂಪನಿ ಕಟ್ಟಿದ ಮುದುಕ ಒಂದು ಪದ್ಧತಿ ಹಾಕಿ ಹೋಗಿದ್ದ. ಪ್ರತಿ ಕಟ್ಟಡದ ಮೆಟ್ಟಿಲ ಬುಡದಲ್ಲಿ ಒಂದು ಬೂದುಬಣ್ಣದ ಪೆಟ್ಟಿಗೆ. ಒಳಗೆ, ಇಂಟರ್ನೆಟ್ ಹೊತ್ತು ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ಸೀಳಿ ಮನೆಗಳಿಗೆ ಹಂಚುವ ಸ್ಪ್ಲಿಟರ್. ಅದಕ್ಕೆ ಕರೆಂಟಿಲ್ಲ. ಬಂದದ್ದನ್ನು ಪಾಲು ಮಾಡುತ್ತದೆಯೇ ಹೊರತು ತನ್ನ ಕೈಯಿಂದ ಒಂದು ಹನಿಯನ್ನೂ ಸೇರಿಸುವುದಿಲ್ಲ. ಆದ್ದರಿಂದ ಎಷ್ಟು ಪಾಲು ಎಂದು ಲೆಕ್ಕ ಹಾಕಿದವರ ಫೋನ್ ನಂಬರನ್ನೇ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಬೇಕು. ನೆಟ್ ತಡವರಿಸಿದರೆ ಜನ ಅವರನ್ನೇ ಕೇಳಲಿ. ಇನ್ನೂರ ಹತ್ತು ಮುಚ್ಚಳಗಳ ಮೇಲೆ ಲೆಕ್ಕದಕ್ಕನ ನಂಬರಿತ್ತು. ತಿಂಗಳಿಗೆ ನಾಲ್ಕೋ ಐದೋ ಫೋನ್ ಬರುತ್ತಿದ್ದವು. ಅವುಗಳಲ್ಲಿ ಎರಡು, ಇಲಿ ಎಳೆ ಕಡಿದದ್ದಕ್ಕೆ.

ಹೊಸ ಮ್ಯಾನೇಜರು ಬಂದ ಮೂರನೆಯ ತಿಂಗಳು ಅವಳ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಎದುರುಬದುರಾಗಿ ಎರಡು ಕಟ್ಟಡ, ತಲಾ ಅರವತ್ನಾಲ್ಕು ಮನೆ, ಎರಡಕ್ಕೂ ಸೇರಿ ಒಂದೇ ಎಳೆ. ಪ್ರತಿ ಮನೆಗೂ ನೂರು ಮೆಗಾಬಿಟ್ ವೇಗ ಎಂದು ಗೇಟಿನಲ್ಲಿ ಆಗಲೇ ಬೋರ್ಡು ನಿಂತಿತ್ತು.

“ಲೆಕ್ಕ ನಾನೇ ಮಾಡಿದೀನಿ ಮೇಡಂ. ನೀವು ಸೈನ್ ಹಾಕಿದ್ರೆ ಸಾಕು.”

ಅವಳು ಕನ್ನಡಕ ಏರಿಸಿ ಹಾಳೆ ನೋಡಿದಳು. ಒಂದು ಮನೆ ದಿನಕ್ಕೆ ಬಳಸುವುದನ್ನೆಲ್ಲ ಒಟ್ಟು ಮಾಡಿ ಇಪ್ಪತ್ನಾಲ್ಕು ಗಂಟೆಗೆ ಭಾಗಿಸಿದ್ದರು. ಎಳೆಯಲ್ಲಿ ಜಾಗ ಧಾರಾಳವಾಗಿ ಉಳಿದಿತ್ತು.

“ಸಾರ್, ರಾತ್ರಿ ಎರಡು ಗಂಟೆಗೆ ಬಸ್ಸು ಖಾಲಿ ಇರುತ್ತೆ ಅಂತ ಬೆಳಿಗ್ಗೆ ಒಂಬತ್ತಕ್ಕೆ ಇನ್ನೂರು ಜನಾನ ಹತ್ತಿಸ್ತೀರಾ? ಮಲಗಿರೋರ ಪಾಲನ್ನ ಎದ್ದಿರೋರಿಗೆ ಬಡಿಸಿದೀರಲ್ಲ!”

ಒಂದೇ ನಲ್ಲಿಗೆ ಒಂಬತ್ತು ಸಂಸಾರವಿದ್ದ ಅಂಗಳದಲ್ಲಿ ಬೆಳೆದವಳು ಅವಳು. ಬೆಳಿಗ್ಗೆ ಆರಕ್ಕೆ ಎಷ್ಟು ಕೊಡ ತುಂಬುತ್ತದೆ ಎಂಬುದೇ ಲೆಕ್ಕ, ಮಧ್ಯಾಹ್ನ ನಲ್ಲಿ ಭೋರೆಂದು ಸುರಿದರೆ ಯಾರಿಗೆ ಬಂತು ಭಾಗ್ಯ ಎಂಬುದು ಎಂಟನೆಯ ವಯಸ್ಸಿಗೇ ಅವಳಿಗೆ ತಿಳಿದಿತ್ತು. ಈ ಕೆಲಸಕ್ಕೆ ಸೇರಿದ ಮೇಲೆ ವರ್ಷಗಟ್ಟಲೆ ಭಾನುವಾರ ಸಂಜೆ ಎಂಟಕ್ಕೆ ಕುಳಿತು ಅಳೆದಿದ್ದಳು. ಆ ಹೊತ್ತಿನಲ್ಲಿ ಮೂರು ಮನೆಗೆ ಒಂದು ಮನೆ ತನ್ನ ಪಾಲನ್ನು ಪೂರ್ತಿ ಎಳೆಯುತ್ತದೆ.

ಪೆನ್ಸಿಲ್ ತೆಗೆದಳು. “ಎಳೆಯಲ್ಲಿ ಬರೋದು ಎರಡು ಸಾವಿರದ ನಾನೂರು ಮೆಗಾಬಿಟ್. ಒಂದು ಕಟ್ಟಡ ಆದ್ರೆ ಒಂದೇ ಸಲಕ್ಕೆ ಎಳೆಯೋರು ಇಪ್ಪತ್ತೊಂದು ಮನೆ. ತಲೆಗೆ ನೂರ ಹದಿನಾಲ್ಕು. ಎರಡು ಕಟ್ಟಡ ಆದ್ರೆ ನಲವತ್ತಮೂರು ಮನೆ. ಐವತ್ತಾರೂ ತುಂಬಲ್ಲ. ಇನ್ನು ಬೆಳಕು. ಅರವತ್ನಾಲ್ಕು ಅಂದ್ರೆ ಆರು ಸಲ ಸೀಳಬೇಕು, ನೂರ ಇಪ್ಪತ್ತೆಂಟಕ್ಕೆ ಏಳು ಸಲ. ಪ್ರತಿ ಸಲ ಅರ್ಧ ಹೋಗುತ್ತೆ. ಆ ಕಡೆ ಮೇಲಿನ ಮಹಡಿಗೆ ಮುಟ್ಟೋ ಹೊತ್ತಿಗೆ ಅದು ಬೆಳಕಲ್ಲ, ಬೆಳಕಿನ ನೆನಪು.”

“ಎಲ್ಲಾ ಕಡೆ ಹೀಗೇ ಮಾಡ್ತಾರೆ ಮೇಡಂ. ಸೈನ್ ಹಾಕದಿದ್ರೆ ಈ ಕುರ್ಚಿಗೆ ಬೇರೆಯವರನ್ನ ನೋಡಬೇಕಾಗುತ್ತೆ.”

“ನೋಡಿ. ಮುಚ್ಚಳಕ್ಕೆ ಅವರ ನಂಬರ್ ಅಂಟಿಸಿ. ನಂದು ಬೇಡ.”

ಆ ಸಂಜೆ ಮನೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಾ ಎಲ್ಲವನ್ನೂ ಕೇಳಿದರು. “ಕುರ್ಚಿ ಹೋದ್ರೆ ನೆಲ ಎಲ್ಲಿಗೂ ಹೋಗಲ್ಲ ಬಿಡು. ನನ್ನ ಮಗನ್ನೇ ನೀನು ಮೂರು ಸಲ ಕೂಡಿ ಕಳೆದು ಒಪ್ಪಿದೋಳು. ಆ ಮ್ಯಾನೇಜರು ಯಾವ ಲೆಕ್ಕ?”

“ಉತ್ತರ ಮೂರು ಸಲವೂ ಒಂದೇ ಬಂತು ಅತ್ತೆ. ಅದಕ್ಕೇ ಒಪ್ಪಿದ್ದು.”

ಮರುದಿನ ಅವಳನ್ನು ದೂರು ಕೇಳುವ ಮೇಜಿಗೆ ಹಾಕಿದರು. ಮೂಲೆಯ ಕಿಟಕಿಯಿಲ್ಲದ ಕೋಣೆ, ಒಂದು ಫೋನು, ಭಾನುವಾರವೂ ಡ್ಯೂಟಿ. ಹಾಳೆಗೆ ಮ್ಯಾನೇಜರೇ ಸಹಿ ಮಾಡಿದರು. ಆದರೆ ಮುಚ್ಚಳಕ್ಕೆ ತಮ್ಮ ನಂಬರ್ ಅಂಟಿಸಲು ಎದೆ ಸಾಲಲಿಲ್ಲ. ಆಫೀಸಿನ ನಂಬರ್ ಅಂಟಿಸಿದರು. ಆ ನಂಬರು ಯಾರ ಮೇಜಿನ ಮೇಲೆ ರಿಂಗಣಿಸುತ್ತದೆ ಎಂಬುದನ್ನು ಮಾತ್ರ ಅವರು ಯೋಚಿಸಿರಲಿಲ್ಲ.

ಎರಡು ಕಟ್ಟಡಗಳೂ ತುಂಬಿದ ಮೊದಲ ಭಾನುವಾರ ಎಂಟು ಗಂಟೆ ಐದು ನಿಮಿಷಕ್ಕೆ ಮೊದಲ ಫೋನ್ ಬಂತು.

“ಏನ್ರೀ ಇದು, ನೂರು ಅಂದ್ರಿ, ಐವತ್ತೂ ಬರ್ತಿಲ್ಲ! ಯಾರ್ರೀ ಲೆಕ್ಕ ಹಾಕಿದ್ದು?”

“ಒಳ್ಳೆ ಪ್ರಶ್ನೆ ಕೇಳಿದ್ರಿ,” ಎಂದಳು ಲೆಕ್ಕದಕ್ಕ. “ಲೆಕ್ಕ ಹಾಕಿದವರನ್ನೇ ಕೇಳಬೇಕು ಅನ್ನೋದು ನಮ್ಮ ಕಂಪನಿ ನಿಯಮ. ನಂಬರ್ ಬರ್ಕೊಳ್ಳಿ.”

ಮ್ಯಾನೇಜರ ನಂಬರನ್ನು ನಿಧಾನವಾಗಿ, ಅಂಕಿ ಅಂಕಿಯಾಗಿ ಎರಡು ಸಲ ಹೇಳಿದಳು. ಒಂಬತ್ತರೊಳಗೆ ಮೂವತ್ತೇಳು ಜನಕ್ಕೆ ಹೇಳಿದಳು. ಪ್ರತಿಯೊಬ್ಬರ ಮನೆ, ಮಹಡಿ, ಹೊತ್ತು ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಳು.

ಸೋಮವಾರ ಮ್ಯಾನೇಜರು ಕೆಂಗಣ್ಣಿನಲ್ಲಿ ಬಂದರು. “ನನ್ನ ನಂಬರ್ ಕೊಡೋಕೆ ನಿಮಗೆ ಯಾರು ಹೇಳಿದ್ದು?”

“ನಿಮ್ಮ ಸಹಿ,” ಎಂದು ಅವಳು ಬರೆದಿಟ್ಟ ಹಾಳೆ ಮುಂದೆ ತಳ್ಳಿದಳು. “ದೂರುಗಳ ಪಟ್ಟಿ. ಮೇಲಿನ ಮಹಡಿಯ ನಾಲ್ಕು ಮನೆಗೆ ನೆಟ್ಟೇ ಬಂದಿಲ್ಲ. ಬೆಳಕಿನ ಬಗ್ಗೆ ಹೇಳಿದ್ದೆ.”

ಅವರು ಹಾಳೆ ಮುಟ್ಟದೆ ಹೋದರು. ಅವಳ ಮೇಲೆ ಮೇಲಿನವರಿಗೆ ಪತ್ರವನ್ನೂ ಬರೆದರು. ಅವಳು ಮಿಸುಕಲಿಲ್ಲ. ಮುಂದಿನ ಭಾನುವಾರ ಐವತ್ತೆರಡು ಜನಕ್ಕೆ ನಂಬರ್ ಕೊಟ್ಟಳು.

ಅದಾಗಿ ಮೂರನೆಯ ದಿನ ಮ್ಯಾನೇಜರು ಆ ಕಿಟಕಿಯಿಲ್ಲದ ಕೋಣೆಗೆ ಇನ್ನೊಂದು ಹಾಳೆ ಹಿಡಿದು ಬಂದರು. ಎರಡು ಕಟ್ಟಡ, ಎರಡು ಎಳೆ. ಕೆಳಗೆ ಸಹಿಯ ಜಾಗ ಖಾಲಿ.

“ನೀವು ಹೇಳಿದ ಹಾಗೇ ಮಾಡಿದೀನಿ. ಹಳೇ ಕುರ್ಚೀಲೇ ಕೂತ್ಕೊಳ್ಳಿ. ಬೇಗ ಒಂದು ಸೈನ್ ಹಾಕಿ, ಜನ ಬೈತಿದಾರೆ.”

ಅವಳು ಹಾಳೆ ತೆಗೆದುಕೊಂಡು ಪೆನ್ಸಿಲ್ ಚೂಪು ಮಾಡಿದಳು. ಮೊದಲ ಸಾಲಿನಿಂದ ಕೂಡಲು ಶುರುಮಾಡಿದಳು. ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ.

“ಇನ್ನೂ ಏನು ಮೇಡಂ?”

“ಮುಚ್ಚಳದ ಮೇಲೆ ಬರೋದು ನನ್ನ ನಂಬರು,” ಎಂದಳು ತಲೆಯೆತ್ತದೆ. “ನಿಂತಿರಿ. ಲೆಕ್ಕ ಮುಗಿದಿಲ್ಲ.”