ಒಂದೇ ಅಂಗಳದ ಎರಡು ಬರಹ

ಸೋಮವಾರಪೇಟೆಯಲ್ಲಿ ಏಲಕ್ಕಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ನಾನೂ ನನ್ನ ಗೆಳತಿಯೂ ಹೆಂಗಸರ ಬರಹಗಳಿಗೆಂದೇ ಒಂದು ಜಾಲತಾಣ ನಡೆಸುತ್ತೇವೆ. ಬರಹಗಳು ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲಿ ಬರುತ್ತವೆ. ಕೆಲವರು ಟೈಪ್ ಮಾಡುತ್ತಾರೆ, ಕೆಲವರು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಅದನ್ನು ನಾವು ಅಕ್ಷರಕ್ಕಿಳಿಸುತ್ತೇವೆ. ಹೆಸರು ಬೇಡ ಎಂದವರ ಹೆಸರನ್ನು ಯಾರಿಗೂ ಹೇಳುವುದಿಲ್ಲ.

ಒಮ್ಮೆ ಶಿರಂಗಾಲದ ಕಡೆಯ ಯುವತಿಯೊಬ್ಬಳು ತಾನು ಸ್ಕೂಟರ್ ಕಲಿತದ್ದನ್ನು ಬರೆದು ಕಳಿಸಿದಳು. ಬ್ರೇಕ್ ಹಿಡಿಯಲು ಮರೆತು, ಅಂಗಳದಲ್ಲಿ ಕಿತ್ತು ಹಾಕಿದ್ದ ಶುಂಠಿ ರಾಶಿಗೆ ನುಗ್ಗಿದ್ದಳು. ಜಗಲಿಯಲ್ಲಿದ್ದ ಅತ್ತೆ ತುಟಿ ಬಿಚ್ಚದೆ ಒಳಗೆ ಹೋದರಂತೆ. 'ಪೆಟ್ಟಾಯ್ತಾ ಅಂತಲೂ ಕೇಳಲಿಲ್ಲ' ಎಂದು ಬರೆದಿದ್ದಳು. ಹೆಸರು ಬೇಡ ಎಂದಿದ್ದಳು.

ಅದನ್ನು ನಾನಿನ್ನೂ ತಿದ್ದುತ್ತಿರುವಾಗಲೇ ಬೇರೊಂದು ನಂಬರಿನಿಂದ ವಯಸ್ಸಾದ ಹೆಂಗಸೊಬ್ಬರ ಧ್ವನಿ ಸಂದೇಶ ಬಂತು. ಪಕ್ಕದ ಮನೆಯ ಫೋನಿನಿಂದ ಮಾತಾಡುತ್ತಿದ್ದರು.

"ನನ್ ಸೊಸೆ ಗಾಡಿ ಕಲ್ತಿದ್ ಹೇಳ್ತೀನಿ. ಶುಂಠಿ ರಾಶಿ ಒಳಿಕ್ಕೇ ನುಗ್ಸುದ್ಲು. ಎದ್ದು, ಮೈ ಕೊಡ್ವಿಕೊಂಡು, ಮತ್ತೆ ಹತ್ತುದ್ಲು ನೋಡಿ! ನಂಗೂ ಮದ್ವೆ ಆದ ಹೊಸದ್ರಲ್ಲಿ ಗಂಡನ ಗಾಡಿ ಓಡಿಸ್ಬೇಕು ಅಂತ ಆಸೆ ಇತ್ತು. ಇನ್ನೊಂದ್ ಗಳಿಗೆ ಅಲ್ಲೇ ನಿಂತಿದ್ರೆ, ನನ್ನೂ ಕೂರಿಸ್ಕೊ ಅಂತ ಕೇಳ್ಬಿಡ್ತಿದ್ದೆ. ಅದ್ಕೇ ಒಳಗ್ ಹೋದೆ."

ಕೊನೆಗೆ ಇವರೂ "ಹೆಸ್ರು ಹಾಕ್ಬ್ಯಾಡಿ" ಎಂದರು.

ಎರಡೂ ಒಂದೇ ಮನೆಯವು! ಒಬ್ಬರ ಬರಹವನ್ನು ಇನ್ನೊಬ್ಬರು ಓದಿದರೆ ಏನಾದೀತು? ನನಗೆ ತಡೆಯಲಾರದ ಕುತೂಹಲ.

"ನಿಮ್ಗೆ ಕುತೂಹಲ ಅಂತ ಅವರ ಮನೇಲಿ ಜಗಳ ಹಚ್ಬೇಡಿ ಅಕ್ಕ. ಮೊದ್ಲು ಕೇಳಿ" ಎಂದಳು ಗೆಳತಿ.

ಒಬ್ಬರ ವಿಷಯ ಇನ್ನೊಬ್ಬರಿಗೆ ಬಿಟ್ಟುಕೊಡದೆ, ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ: ಶುಂಠಿ ರಾಶಿಯ ಮಾತು ಹಾಗೇ ಇರಲಿಯೇ? ಮನೆಯವರು ಓದಿದರೆ ಗುರುತು ಹಿಡಿಯುತ್ತಾರೆ. ಸೊಸೆ ನಕ್ಕಳು, "ನಮ್ಮನೇಲಿ ಇದನ್ನೆಲ್ಲ ಯಾರ್ ಓದ್ತಾರೆ ಮೇಡಂ? ಇರ್ಲಿ." ಅತ್ತೆ ಹೀಗೆಂದರು: "ಸೊಸೆ ಫೋನಲ್ಲಿ ಏನೇನೋ ಓದ್ತಾ ಇರ್ತಾಳೆ... ಓದಿದ್ರೆ ಓದ್ಲಿ ಬಿಡಿ."

ಮೊದಲು ಅತ್ತೆಯದನ್ನು ಹಾಕಿದೆವು. ಮರುದಿನವೇ ಸೊಸೆಯ ಫೋನು.

"ಮೇಡಂ, ಇದನ್ ಬರ್ದಿದ್ದು ಯಾರು?"

"ಹೆಸರು ಹೇಳೋ ಹಾಗಿಲ್ಲಮ್ಮ."

"ಹೇಳ್ಬೇಡಿ. ಆ ಶುಂಠಿ ನಮ್ದೇ" ಎಂದವಳೇ ಫೋನ್ ಇಟ್ಟಳು. ಅವಳು ಅತ್ತದ್ದೋ ನಕ್ಕದ್ದೋ ತಿಳಿಯಲಿಲ್ಲ. ಈಗ ಅವಳ ಮನಸ್ಸು ಬದಲಾಗಿರಬಹುದೆಂದು ಅವಳ ಬರಹವನ್ನು ಪ್ರಕಟಿಸದೆ ಹಾಗೇ ಇಟ್ಟುಕೊಂಡೆ.

ಆಮೇಲೊಂದು ಸಂತೆಯ ದಿನ ಇಬ್ಬರು ಹೆಂಗಸರು ನಮ್ಮ ಮೆಟ್ಟಿಲು ಹತ್ತಿ ಬಂದರು. ಹಿರಿಯರ ತಲೆಯ ಮೇಲೆ ಹೆಲ್ಮೆಟ್ಟು ಇನ್ನೂ ಇತ್ತು. ಅಷ್ಟು ದೂರದಿಂದ ಸ್ಕೂಟರಿನಲ್ಲೇ ಬಂದಿದ್ದರು.

"ಇವಳೂ ಬರ್ದವ್ಳಂತೆ. ಓದಿ ಹೇಳು ಅಂದ್ರೆ ನಾಚ್ಕೆ ಅಂತಾಳೆ. ನೀವ್ ಓದಿ" ಎಂದರು ಅತ್ತೆ.

ಸೊಸೆಯ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಓದಿದೆ. ಪೆಟ್ಟಾಯ್ತಾ ಎಂದು ಕೇಳಲಿಲ್ಲವೆಂಬ ಸಾಲಿಗೆ ಅತ್ತೆ ನೆಲ ನೋಡಿದರು. 'ಬಾಗಿಲನ್ನು ಧಡ್ ಅಂತ ಹಾಕಿಕೊಂಡರು' ಎಂದು ಓದಿದಾಗ ಮಾತ್ರ ಕೈ ಎತ್ತಿ ತಡೆದರು.

"ಅದು ಸುಳ್ಳು. ಗಾಳಿಗೆ ಹಾಕ್ಕೊಂಡಿದ್ದು."

"ಅವತ್ತು ಗಾಳಿ ಎಲ್ಲಿತ್ತು ಅತ್ತೆ?"

"ಇತ್ತು ಕಣೆ!"

"ತೆಗೆದುಹಾಕಲಾ?" ಎಂದೆ.

ಅತ್ತೆ ಯೋಚಿಸಿದರು. "ಬ್ಯಾಡ. ಅವಳಿಗ್ ಕಂಡಂಗೆ ಅವಳು ಬರ್ದವ್ಳೆ. ಇರ್ಲಿ." ಆಮೇಲೆ ಸೊಸೆಯತ್ತ ತಿರುಗಿ, "ಪೆಟ್ಟಾಗಿತ್ತೇನೆ?" ಎಂದರು.

"ಮೊಣಕಾಲು ತರಚಿತ್ತು" ಎಂದಳು ಅವಳು, ಮೆಲ್ಲಗೆ.

ಸಂತೆ ಮುಗಿಯುವ ಮೊದಲು ಹೋಗಬೇಕೆಂದು ಇಬ್ಬರೂ ಎದ್ದರು. ಅಂದೇ ಸಂಜೆ ಸೊಸೆಯ ಬರಹವನ್ನೂ ಹಾಕಿದೆವು, ಬಾಗಿಲಿನ ಸಾಲು ಸಮೇತ.