ಕುಡುಗೋಲಿಲ್ಲದ ಮತಪತ್ರ

ನಮ್ಮ ಅತ್ತೆಗೆ ಓದು ಬರಹ ಬರುವುದಿಲ್ಲ. ಆದರೆ ಗೋಡೆಯ ಮೇಲೆ ನಮ್ಮ ಕೆಂಪು ಬಾವುಟದ ಪಕ್ಷದ ಕುಡುಗೋಲಿನ ಗುರುತು ಕಂಡರೆ ನಿಂತು ನೋಡಿ, ಬರೆದವನು ಹಿಡಿಕೆ ಗಿಡ್ಡ ಮಾಡಿದ್ದರೆ ಅವನನ್ನು ಬೈದೇ ಮುಂದೆ ಹೋಗುತ್ತಿದ್ದಳು. ನಾನು ಸೊಸೆಯಾಗಿ ಬಂದಾಗ ಆಕೆ ಆಗಲೇ ಕೂಲಿಕಾರರ ಸಂಘದಲ್ಲಿದ್ದಳು, ನನ್ನನ್ನು ಪಕ್ಷಕ್ಕೆ ಕರೆತಂದವಳೂ ಆಕೆಯೇ. ನಮ್ಮೂರು ಸಂತೆಕಲ್ಲೂರಿನಿಂದ ಒಳಗೆ, ಜೋಳ ತೊಗರಿಯ ಒಣ ಸೀಮೆಯಲ್ಲಿದೆ. ಇಲ್ಲಿ ನಮ್ಮ ಪಕ್ಷ ಒಂದು ಚುನಾವಣೆಯನ್ನೂ ಗೆದ್ದಿಲ್ಲ. ಠೇವಣಿ ಕಳೆದುಕೊಂಡು ಬಂದು ಚಹಾ ಕುಡಿಯುವುದು ನಮಗೆ ರೂಢಿಯಾಗಿತ್ತು. ಆದರೂ ನಮ್ಮ ಓಣಿಯ ಮತ ಅಲುಗಾಡುತ್ತಿರಲಿಲ್ಲ. ಅತ್ತೆ ಅಲುಗಾಡಲು ಬಿಡುತ್ತಿರಲಿಲ್ಲ.

ಓಣಿಯ ಹೆಂಗಸರಿಗೆ ಮತ ಹಾಕುವುದನ್ನು ಕಲಿಸುವುದು ನನ್ನ ಕೆಲಸ. ಮತದಾನದ ಹಿಂದಿನ ದಿನ ಎದುರಾಳಿಗಳ ಕಡೆಯವರು ಬಂದು, "ನಿಮ್ಮ ಗುರ್ತು ಈ ಸಲ ಬದಲಾಗೈತ್ರಿ" ಎಂದು ಪುಕಾರು ಹಬ್ಬಿಸುವುದು ನಮ್ಮ ಕಡೆ ಹಳೆಯ ಆಟ. ಒಮ್ಮೆ ಓಣಿಗೆ ಓಣಿಯೇ ಅದಕ್ಕೆ ಮೋಸ ಹೋಗಿತ್ತು. ಆ ಸಿಟ್ಟಿಗೆ ನಾನು ಪ್ರತಿ ಚುನಾವಣೆಯಲ್ಲೂ ಮನೆಯ ಕುಡುಗೋಲನ್ನೇ ಎತ್ತಿ ಹಿಡಿದು ಹೇಳುತ್ತಿದ್ದೆ: "ಗುರ್ತು ಬದಲಾಗೈತಿ ಅಂತ ಯಾರ ಬಂದು ಹೇಳಿದ್ರೂ ನಂಬಬ್ಯಾಡ್ರಿ. ನಾನ ಬಂದು ಹೇಳಿದ್ರೂ ನಂಬಬ್ಯಾಡ್ರಿ." ಹೆಂಗಸರು ನಗುತ್ತಿದ್ದರು. ಅತ್ತೆ ಮಾತ್ರ ನಗದೆ ತಲೆಯಾಡಿಸುತ್ತಿದ್ದಳು.

ಆ ತನಕ ಪಂಚಾಯಿತಿಗೆ ನಮ್ಮವರು ಯಾರೂ ನಿಂತಿರಲಿಲ್ಲ. ಪಂಚಾಯಿತಿ ಚುನಾವಣೆ ಬಂದಾಗ ನಾನೇ ನಿಂತೆ. ಕಾರಣ ಊರ ಕೆರೆ. ಬೇಸಿಗೆಯಲ್ಲಿ ಅದರ ಹೂಳು ತೆಗೆಯುವ ಉದ್ಯೋಗ ಖಾತ್ರಿ ಕೆಲಸ ನಮ್ಮ ಹೆಂಗಸರಿಗೆ ಸಿಗಬೇಕು. ಅದನ್ನು ಗುತ್ತಿಗೆದಾರನೊಬ್ಬ ತನ್ನ ಜೆಸಿಬಿ ಹಚ್ಚಿ ಮುಗಿಸಿ, ನಮ್ಮ ಹೆಸರಿನಲ್ಲಿ ಹಾಜರಿ ಬರೆಸಿಬಿಡುತ್ತಿದ್ದ. ಪಂಚಾಯಿತಿಯೊಳಗೆ ನಮ್ಮವರೊಬ್ಬರಿದ್ದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಓಣಿ ಗುಳೆ ಹೋಗುತ್ತದೆ. ನನ್ನ ಎದುರು ನಿಂತವನು ಆ ಜೆಸಿಬಿಯವನೇ.

ಪಂಚಾಯಿತಿ ಚುನಾವಣೆಯಲ್ಲಿ ಪಕ್ಷಗಳ ಗುರುತು ಇರುವುದಿಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ನನಗೆ ಹೊಲಿಗೆ ಯಂತ್ರ ಬಂತು. ನಮ್ಮ ಓಣಿಯಲ್ಲಿ ಒಬ್ಬರ ಮನೆಯಲ್ಲೂ ಅದು ಇರಲಿಲ್ಲ. ಹೊಲದ ಮಣ್ಣು ಮುಟ್ಟದ ಆ ಮಹರಾಯನಿಗೆ ಕಬ್ಬು ಹಿಡಿದ ರೈತ ಬಂದ! ನಾನು ಮನೆಮನೆಗೆ ಹೋಗಿ ಹೊಲಿಗೆ ಯಂತ್ರದ ಚಿತ್ರ ತೋರಿಸಿದೆ, ಗಂಟಲು ಹರಿಯುವ ಹಾಗೆ ಹೇಳಿದೆ. ಅತ್ತೆಗೆ ರೊಟ್ಟಿ ಬಡಿಯುವಾಗಲೂ ಹೇಳಿದೆ. ಆಕೆ ಹೂಂ ಅಂದಳು.

ಮಸ್ಕಿಯಲ್ಲಿ ಎಣಿಕೆ ನಡೆಯಿತು. ಒಂದು ಟಂಟಂ ಆಟೋದಲ್ಲಿ ಹಿಡಿಸುವಷ್ಟು ಜನರ ಮತದಿಂದ ಸೋತೆ. ಮನೆಗೆ ಬಂದು ಅತ್ತೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಆಕೆ ತಾನಾಗಿಯೇ ಹೇಳಿದಳು.

"ಚೀಟಿ ತುಂಬ ಹುಡುಕೀನಿ. ಕುಡುಗೋಲು ಕಾಣಲಿಲ್ಲ. ಮಷೀನು ಕಂಡಿತ್ತು, ಆದ್ರ ನೀನ ಬಂದು ಹೇಳಿದ್ರೂ ನಂಬಬ್ಯಾಡ ಅಂತ ನೀನ ಹೇಳಿದ್ದಿ. ರೈತ ಇದ್ದ. ಕುಡುಗೋಲು ಇರೋದು ರೈತನ ಕೈಯಾಗ ಅಲ್ಲೇನು? ಅವಗ ಒತ್ತಿ ಬಂದೀನಿ."

ಓಣಿಯ ಇನ್ನೂ ಕೆಲವು ಮುದುಕಿಯರು ಹಾಗೇ ಮಾಡಿದ್ದರು. ಎಲ್ಲರೂ ನನ್ನ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ನನಗೆ ಮೈ ಉರಿದುಹೋಯಿತು. "ನಿನ್ನ ಕೈಯಿಂದ ಕೆರಿ ಹೋತು ನೋಡು ಅತ್ತಿ, ಓಣಿ ಹೊಟ್ಟಿ ಮ್ಯಾಲೆ ನೀನ ಹೊಡದಿ" ಎಂದೆ. ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಅಂದೆ. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಆ ಬೇಸಿಗೆಯಲ್ಲಿ ಜೆಸಿಬಿ ಕೆರೆಗೆ ಇಳಿಯಿತು. ನಾವು ಕೆಲಸ ಹುಡುಕಿಕೊಂಡು ಸಿಂಧನೂರಿನ ಹತ್ತಿರ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಗದ್ದೆಗಳ ಕಡೆಗೆ ಹೋದೆವು. ಅಲ್ಲಿ ಭತ್ತ ಕೊಯ್ಯಲು ಯಂತ್ರ ಬಂದಿತ್ತು, ಬರಿಗೈಲಿ ವಾಪಸಾದೆವು. ಯುಗಾದಿ ಆಗುತ್ತಲೇ ಅರ್ಧ ಓಣಿ ಬೆಂಗಳೂರಿಗೆ ಇಟ್ಟಿಗೆ ಹೊರಲು ಹೋಯಿತು. ಅತ್ತೆ ಸಂಘದ ಸಭೆಗೆ ಬರುವುದನ್ನೇ ಬಿಟ್ಟಳು. ಯಾರಾದರೂ ಕರೆದರೆ, "ನನಗೇನು ತಿಳಿತೈತಿ ಬಿಡವ್ವಾ" ಎನ್ನುತ್ತಿದ್ದಳು.

ಮೂರು ವರ್ಷ ಕಳೆದು ಲೋಕಸಭಾ ಚುನಾವಣೆ ಬಂತು. ಸಿಂಧನೂರಿನಲ್ಲಿ ಸಭೆ ಕರೆದರು. ಲಿಂಗಸುಗೂರಿನಿಂದ ಬಂದ ನಮ್ಮ ಹಿರಿಯ ಸಂಗಾತಿ ಎದ್ದು ನಿಂತು, ಈ ಸಲ ನಮ್ಮ ಅಭ್ಯರ್ಥಿ ಇಲ್ಲ, ಮತ ಒಡೆಯಬಾರದು, ದೊಡ್ಡ ಅಪಾಯ ತಡೆಯಬೇಕೆಂದರೆ ದೊಡ್ಡ ಪಕ್ಷದ ಜೊತೆ ನಿಲ್ಲಬೇಕು ಎಂದರು. ಕೂಲಿಕಾರರಿಗಾಗಿ ಜೈಲು ಕಂಡ ಮನುಷ್ಯ. ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಆದರೆ ವೇದಿಕೆಯ ಮೇಲೆ, ಅವರ ಪಕ್ಕದ ಕುರ್ಚಿಯಲ್ಲಿ, ಆ ದೊಡ್ಡ ಪಕ್ಷದ ನಮ್ಮ ಭಾಗದ ಮುಖಂಡನಾಗಿ ಕೂತವನು ಜೆಸಿಬಿಯವನು. ಯಾರೋ ಅವನ ಕೊರಳಿಗೆ ನಮ್ಮ ಕೆಂಪು ಶಾಲು ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ. ಬಸ್ಸಿನಲ್ಲಿ ಊರು ಬರುವ ತನಕ ನನ್ನ ಕೈಗಳನ್ನು ನೋಡಿಕೊಳ್ಳಲು ನನಗೇ ಅಸಹ್ಯವಾಗುತ್ತಿತ್ತು.

ಮನೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತಿದ್ದಳು. ಹೊಸ ಗುರುತು ಹೇಳಿದೆ.

"ಅದು ಆ ಜೆಸಿಬಿಯವನ ಪಾರ್ಟಿ ಅಲ್ಲೇನು?"

"ಹೌದತ್ತಿ."

"ಅದಕ್ಕ ಒತ್ತಬೇಕೇನು? ನಮ್ಮವರ ಹೇಳ್ಯಾರೇನು?"

"ಹೌದು, ನಮ್ಮವರ ಹೇಳ್ಯಾರ."

ಆಕೆ ಮೊರ ಕೆಳಗಿಟ್ಟಳು. "ಹಂಗಾರ ಅವತ್ತ ನಾ ಒತ್ತಿದ್ದು ತಪ್ಪಲ್ಲ ಅಲ್ಲೇನು?"

ಕೊಂಕು ಮಾತಾಗಿದ್ದರೆ ನಾನೂ ಕೊಂಕು ಆಡಿ ಮುಗಿಸುತ್ತಿದ್ದೆ. ಆಕೆ ನಿಜವಾಗಿಯೂ ಕೇಳುತ್ತಿದ್ದಳು. ಅಷ್ಟು ವರ್ಷ ಅದನ್ನೇ ಎದೆಯಲ್ಲಿಟ್ಟುಕೊಂಡು ಓಣಿಯಲ್ಲಿ ತಲೆ ತಗ್ಗಿಸಿ ಓಡಾಡಿದ್ದಳು. "ತಪ್ಪಲ್ಲತ್ತಿ" ಎಂದೆ. ಆಕೆಯ ಮುಖ ಹಗುರಾದದ್ದನ್ನು ನೋಡಲಾಗದೆ ಎದ್ದು ನೀರು ತರಲು ಹೋದೆ.

ಮತದಾನದ ದಿನ ಅತ್ತೆ ನನಗಿಂತ ಮೊದಲೇ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ ಸಿದ್ಧಳಾಗಿದ್ದಳು. ಇಬ್ಬರೂ ಹೋಗಿ ಒತ್ತಿ ಬಂದೆವು. ವಾಪಸು ಬರುವ ದಾರಿ ಕೆರೆಯ ಏರಿಯ ಮೇಲೆಯೇ. ಕೆಳಗೆ ಜೆಸಿಬಿ ಹೂಳು ಬಗೆಯುತ್ತಿತ್ತು. ಅದರ ಸದ್ದಿನಲ್ಲಿ ಕೇಳಲಿ ಎಂದು ಅತ್ತೆ ನನ್ನ ತೋಳು ಹಿಡಿದು ಗಟ್ಟಿಯಾಗಿ ಹೇಳಿದಳು:

"ಈ ಸಲ ಸರಿಯಾಗಿ ಒತ್ತೀನಿ. ನೀ ಚಿಂತಿ ಮಾಡಬ್ಯಾಡ."