ಸೀಟು ಸಿಗದ ದಿನ ನೂರ್ ಆಂಟಿ ಬಂದರು

ಗೆಳೆಯರೇ, ವಿದೇಶದ ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂನಲ್ಲಿ ನಾನು ಆಯ್ಕೆಯಾಗಿಲ್ಲವೆಂದು ಇವತ್ತು ಬೆಳಿಗ್ಗೆ ಮೇಲ್ ಬಂತು. ಯಾರಿಗೂ ಮುಖ ತೋರಿಸುವುದು ಬೇಡವೆಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಆಗ ಶಿವಾಜಿನಗರದ ನಮ್ಮ ಮನೆಯ ಕೆಳಗಿರುವ ನೂರ್ ಆಂಟಿ, ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ಅವರ ಮೊಣಕಾಲು ಚೆನ್ನಾಗಿ ಊದಿಕೊಂಡಿತ್ತು.

"ಡಾಕ್ಟ್ರಿಗೆ ತೋರಿಸಿಲ್ವಾ ಆಂಟಿ?" ಎಂದೆ.

"ನೀನೇ ಡಾಕ್ಟ್ರಾಗ್ತೀಯಲ್ಲ ಬೇಟಾ, ನಿನಗೇ ತೋರಿಸೋಣ ಅಂತ ತಡ್ಕೊಂಡಿದ್ದೆ."

"ನಂಗೆ ಸೀಟು ಸಿಗಲಿಲ್ಲ" ಎನ್ನುವಷ್ಟರಲ್ಲಿ ಮತ್ತೆ ಅಳು ಬಂತು.

ಆಂಟಿ ಪಕ್ಕದಲ್ಲಿ ಕೂತು ದುಪಟ್ಟಾದಿಂದ ನನ್ನ ಮುಖ ಒರೆಸಿದರು. "ಇನ್ನೊಂದ್ಸಲ ಇಂಟರ್‌ವ್ಯೂಗೆ ಹೋಗ್ತೀಯಾ?" ಎಂದು ಕೇಳಿದರು.

"ಭಯ ಆಗುತ್ತೆ ಆಂಟಿ."

"ನಂಗೂ ಆಸ್ಪತ್ರೆ ಅಂದ್ರೆ ಭಯಾನೇ. ನೀನು ಹೋಗ್ತೀನಿ ಅನ್ನು, ನಾನೂ ಹೋಗ್ತೀನಿ."

ಆ ಕಾಲು ನೋಡಿ ಇಲ್ಲವೆನ್ನಲು ಆಗಲಿಲ್ಲ. ಒಪ್ಪಿಕೊಂಡೆ.

ನಾಳೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮೊದಲು ಅಲ್ಲಿನ ಡಾಕ್ಟರನ್ನು ತಾವೇ ಇಂಟರ್‌ವ್ಯೂ ಮಾಡುತ್ತಾರಂತೆ. ಪಾಸಾದರೆ ಮಾತ್ರ ಕಾಲು ತೋರಿಸುತ್ತಾರಂತೆ.